ಎಣ್ಣೆ ಹಚ್ಚಿದ ಹಿಮ್ಮಡಿ

ನನಗಾಗ ಇಪ್ಪತ್ತೋ ಇಪ್ಪತ್ತೊಂದೋ. ಅದಕ್ಕೀಗ ಐವತ್ತು ವರ್ಷ ಮೀರಿತು. ಹೈದರಾಬಾದಿನ ಸರ್ಕಾರ ಇನ್ನೂ ಇತ್ತು. ಅದರ ಕಡೆಗಾಲ ಬಂದಿದೆ ಎಂದು ಗುಡ್ಡದ ಬುಡದಲ್ಲಿದ್ದ ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ದನಕ್ಕೆ ಹುಲ್ಲು ತರುವುದು ತಪ್ಪುತ್ತಿರಲಿಲ್ಲ. ಅಕ್ಷರ ನಾನು ಕಲಿತದ್ದು ತಡವಾಗಿ, ಮೊಮ್ಮಗಳ ಪಾಟಿಯ ಮೇಲೆ. ಸಾಲು ಡೊಂಕಾದರೆ ಆಗಲಿ.

ನನ್ನ ಗಂಡನ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಪಕ್ಕಕ್ಕೆ, ಗುಡ್ಡಕ್ಕೆ ಬೆನ್ನು ಕೊಟ್ಟು ಕೂತಿತ್ತು. ಗುಡ್ಡ ಎಂದರೆ ಒಂದು ತಲೆಯದಲ್ಲ. ಮಲಗಿದ ಎಮ್ಮೆಯ ಬೆನ್ನೆಲುಬಿನ ಹಾಗೆ ಉದ್ದಕ್ಕೆ ಹೋಗುತ್ತದೆ. ಕೆಳಗಿನ ಹುಲ್ಲನ್ನು ದೀಪಾವಳಿಯ ಹೊತ್ತಿಗೇ ದನ ಮೇಯ್ದು ಮುಗಿಸಿರುತ್ತವೆ. ಚಳಿಗಾಲದಲ್ಲಿ ಹುಲ್ಲು ಬೇಕೆಂದರೆ ಆ ಬೆನ್ನಿಗೇ ಹತ್ತಬೇಕು.

ಬೆನ್ನಿನ ಹುಲ್ಲಿಗೆ ಸೂಜಿ ಇರುತ್ತದೆ. ಬಿಸಿಲು ಬಿದ್ದು ಒಣಗಿತೆಂದರೆ ಆ ಸೂಜಿ ಉದುರಿ ಸೀರೆಗೆ, ತೊಡೆಗೆ, ಕಂಕುಳಿಗೆ ನೆಡುತ್ತದೆ. ಇಬ್ಬನಿಯಲ್ಲಿ ನೆನೆದಾಗ ಮಾತ್ರ ಸುಮ್ಮನಿರುತ್ತದೆ. ಅದಕ್ಕೇ ಬೆಳಕು ಹರಿಯುವಾಗ ಹತ್ತಿ, ಇಬ್ಬನಿ ಆರುವುದರೊಳಗೆ ಕೊಯ್ದು ಹೊರೆ ಕಟ್ಟಬೇಕು. ಹುಲ್ಲಿಗೆ ಒಳ್ಳೆಯದಾದ ಇಬ್ಬನಿ ಕಾಲಿಗೆ ಕೆಟ್ಟದ್ದು. ಬಂಡೆಯ ಮೇಲಿನ ಪಾಚಿ ಮಳೆಗಾಲ ಮುಗಿದ ಮೇಲೆ ಕಪ್ಪಗೆ ಒಣಗಿರುತ್ತದೆ. ಇಬ್ಬನಿ ಕುಡಿಯಿತೆಂದರೆ ಮತ್ತೆ ಲೋಳೆಯಾಗುತ್ತದೆ. ಬಂಡೆ ಇಲ್ಲದ ಕಡೆ ಗರಸು, ಜೋಳದ ಕಾಳು ಚೆಲ್ಲಿದ ಹಾಗೆ, ಕಾಲ ಕೆಳಗೆ ಉರುಳುತ್ತದೆ. ಚಳಿಗೆ ಅಂಗಾಲು ಜೋಮು ಹಿಡಿದು ಏನು ತುಳಿದೆವೆಂದೂ ತಿಳಿಯುವುದಿಲ್ಲ. ದಾರಿ ತೀರಾ ಕೆಟ್ಟಿರುವ ಹೊತ್ತಿಗೇ ನಾವು ಹೋಗಬೇಕಿತ್ತು.

ಹೀಗಾಗಿ ನಮ್ಮ ಓಣಿಯ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಸಾಲಾಗಿ ಹತ್ತುವುದು. ಮುಂದೆ ಒಬ್ಬಳು, ಅವಳ ಕೈಯಲ್ಲಿ ಬಡಿಗೆ. ಬಡಿಗೆಯಿಂದ ದಾರಿಯ ಹುಲ್ಲಿನ ಇಬ್ಬನಿ ಬಡಿಯುತ್ತ, ಹುಳಹುಪ್ಪಡಿ ಇದ್ದರೆ ಸರಿಸುತ್ತ, ಕಾಲ ಕೆಳಗೆ ನೆಲ ಹೇಗಿದೆ ಎಂದು ಅವಳು ಕೂಗಿ ಹೇಳಬೇಕು. “ಗರಸು ಐತಿ, ಅಡ್ಡ ಕಾಲಿಡ್ರಿ.” “ಕಲ್ಲು ಅಳ್ಳಾಡತೈತಿ, ಎಡಕ್ಕ ಬರ್ರಿ.” “ಹಾಸಗಲ್ಲು ಹಸಿ ಐತಿ, ಕುಂತು ದಾಟ್ರಿ.” ಅದನ್ನು ಎರಡನೆಯವಳು ಹಿಂದಿನವಳಿಗೆ, ಅವಳು ತನ್ನ ಹಿಂದಿನವಳಿಗೆ ಹೇಳುತ್ತ ಹೋಗಬೇಕು. ಸಾಲಿನ ಕಡೆಯವಳು ಮಾತು ಮುಟ್ಟಿತೆಂದು “ಬಂತು” ಎಂದು ಕೂಗಬೇಕು. ಆಮೇಲೆ ಮುಂದಿನವಳು ಕಾಲೆತ್ತುವುದು. ಇದಕ್ಕೆ ದಾರಿ ಹೇಳುವುದು ಎನ್ನುತ್ತಿದ್ದೆವು.

ದಾರಿ ಹೇಳುವವಳಿಗೆ ಕೂಲಿ ಇಲ್ಲ. ಆದರೆ ಮೇಲೆ ಮುಟ್ಟಿದ ಮೇಲೆ ಚಲೋ ಹುಲ್ಲಿನ ಜಾಗ ಮೊದಲು ಅವಳದು. ಬುಡದಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದ ಜಂಗಲಿನ ಜವಾನ ಸಾಲಿನಲ್ಲಿ ಬೇರೆ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಇವತ್ತು ಎಷ್ಟು ಮಂದಿ ಎಂದು ಅವಳನ್ನೇ ಕೇಳುತ್ತಿದ್ದ. ಬಾವಿಗೆ ಹೋದರೆ ಅವಳ ಕೊಡಕ್ಕೆ ಜಾಗ ಬಿಡುತ್ತಿದ್ದರು. ನಮ್ಮ ಅತ್ತೆ ಬಹಳ ವರ್ಷ ದಾರಿ ಹೇಳಿದವಳು. ಬಡಿಗೆ ಅವಳದೇ, ಬಾರಿಗಿಡದ್ದು, ಹಿಡಿಯುವ ಕಡೆ ಸವೆದು ನುಣ್ಣಗಾಗಿತ್ತು.

ನಾನು ಆ ಮನೆಯ ಹಿರಿಸೊಸೆ. ಆ ವರ್ಷ ಅತ್ತೆಯ ಮೊಣಕಾಲು ಕೈಕೊಟ್ಟಿತು. ಬಡಿಗೆ ನನಗೆ ಬರುತ್ತದೆ ಎಂದು ನಾನು ತಿಳಿದಿದ್ದೆ, ಓಣಿಯೂ ತಿಳಿದಿತ್ತು.

ಆದರೆ ಆ ಬೇಸಿಗೆಯಲ್ಲಿ ನನ್ನ ಮೈದುನನಿಗೆ ಮದುವೆಯಾಗಿ ಮನೆಗೆ ಇನ್ನೊಬ್ಬಳು ಬಂದಿದ್ದಳು. ಸುರಪುರದವಳು. ಗಿಡ್ಡಿ, ಹಲ್ಲು ಸಂದಿ, ಸೀರೆಯನ್ನು ಮೊಣಕಾಲಿಗೆ ಕಟ್ಟುವವಳು, ನಗಬಾರದ ಕಡೆ ನಗುವವಳು. ಸುರಪುರದವರು ಗುಡ್ಡದ ನಡುವೆ ಹುಟ್ಟಿದ ಜನ. ಅವರಿಗೆ ಹಿತ್ತಿಲೂ ಬಂಡೆ, ಚರಿಗೆ ಹಿಡಿದು ಹೋಗುವ ಜಾಗವೂ ಬಂಡೆ. ನಾನು ಕಕ್ಕೇರಾದಾಚೆ ಹೊಳೆದಂಡೆಯವಳು. ನಮ್ಮ ಕಡೆ ಎರೆನೆಲ. ಕಾಲಿಟ್ಟರೆ ನೆಲ ಒಳಗೆ ಕರೆದುಕೊಳ್ಳುತ್ತದೆ. ಬಂಡೆ ಯಾರನ್ನೂ ಒಳಗೆ ಕರೆಯುವುದಿಲ್ಲ.

ಎರೆಮಣ್ಣು ಒಣಗಿದರೆ ಹಿಮ್ಮಡಿ ಒಡೆಯುತ್ತದೆ ಎಂದು ನಮ್ಮ ತವರಲ್ಲಿ ಚಳಿಗಾಲ ಬಂದೊಡನೆ ಕುಸುಬಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಕಾಲಿಗೆ ತಿಕ್ಕುತ್ತಾರೆ. ನನ್ನ ತಾಯಿ ಒಂದು ಕುಡಿಕೆ ತುಂಬಿ ಕೊಟ್ಟು ಕಳಿಸಿದ್ದಳು. ಮದುವೆಯಲ್ಲಿ ನನ್ನ ಮುಖದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಹೇಳುವಂಥದ್ದು ಇರಲೂ ಇಲ್ಲ. ಹಿಮ್ಮಡಿ ನೋಡಿ ಮಾತ್ರ ಹೇಳಿದರು, ಬೆಣ್ಣೆ ಮುದ್ದೆ ಇದ್ದ ಹಾಗಿವೆ ಎಂದು. ನನಗಿದ್ದ ಚೆಂದ ಅದೊಂದೇ. ಅದನ್ನು ಕಾಪಾಡಿಕೊಂಡಿದ್ದೆ.

ಆ ಚಳಿಗಾಲದ ಮೊದಲ ದಿನ ಅತ್ತೆ ಕುಂಟುತ್ತ ಗುಡ್ಡದವ್ವನ ಕಲ್ಲಿನ ತನಕ ಬಂದಳು. ಅದು ಬುಡದಲ್ಲೇ ಇರುವ, ಕುಂಕುಮ ಬಳಿದ ಕಲ್ಲು. ಅದರಾಚೆ ಚಪ್ಪಲಿ ಹಾಕುವಂತಿಲ್ಲ. ಹೊರಗಾದ ಹೆಂಗಸರು, ತಿಂಗಳ ಆ ದಿನಗಳಲ್ಲಿ, ಅದನ್ನು ದಾಟುವಂತಿಲ್ಲ. ಓಣಿಯವರೆಲ್ಲ ಕುಡುಗೋಲು, ಹಗ್ಗ ಹಿಡಿದು ನಿಂತಿದ್ದರು.

“ಹಿಡಿ” ಎಂದಳು ಅತ್ತೆ.

ನಾನು ಕೈ ಚಾಚಿದ್ದೆ. ಬಡಿಗೆ ನನ್ನ ಕೈ ದಾಟಿ ನನ್ನ ಹಿಂದೆ ನಿಂತವಳಿಗೆ ಹೋಯಿತು.

“ನನಗ್ಯಾಕ್ರಿ ಅತ್ತಿ? ಅಕ್ಕ ಅದಾಳಲ್ಲ” ಎಂದಳು ಸುರಪುರದವಳು.

“ಅಕ್ಕ ಇರೂದು ನನಗೂ ಕಾಣತೈತಿ. ಆಕಿ ಕಾಲೂ ಕಾಣತಾವ. ಹೋದ ವರ್ಷ ನಾಕು ಸಲ ಬಿದ್ದಾಳ. ನಡಿ, ಇಬ್ಬನಿ ಆರತೈತಿ.”

ನಮ್ಮ ಸಾಲಿನಲ್ಲಿ ಒಬ್ಬಳು ಬೂಬು ಇದ್ದಳು, ಓಣಿಯ ತುದಿಯ ಸಾಬರ ಮನೆಯವಳು. ಮನೆಯಲ್ಲಿ ದಖ್ಖನಿ, ನಮ್ಮ ಸಂಗಡ ಕನ್ನಡ. ಆಡುಗಳಿಗಾಗಿ ಹುಲ್ಲಿಗೆ ಬರುತ್ತಿದ್ದಳು. ಬಾಯಿ ಸುಮ್ಮನಿರುತ್ತಿರಲಿಲ್ಲ.

“ಹಿರೇಸೊಸಿಗೆ ರೊಟ್ಟಿ ಹಂಚು, ಸಣ್ಣಸೊಸಿಗೆ ಬಡಿಗಿ. ಪಾಲು ಸಮ ಆತು ಬಿಡ್ರಿ” ಎಂದಳು. ಎಲ್ಲರೂ ನಕ್ಕರು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ನಾನು ಸೆರಗು ಸರಿಮಾಡಿಕೊಂಡೆ.

ಹಿರಿಸೊಸೆ ಎಂದು ನನಗೆ ಸಾಲಿನಲ್ಲಿ ಎರಡನೆಯ ಜಾಗ ಕೊಟ್ಟರು. ಅದಕ್ಕಿಂತ ಕಡೆಯ ಜಾಗ ವಾಸಿಯಿತ್ತು. ಏರು ಹತ್ತುವಾಗ ಮುಂದಿನವಳ ಹಿಮ್ಮಡಿ ಹಿಂದಿನವಳ ಮುಖಕ್ಕೆ ಸಮ ಬರುತ್ತದೆ. ಇಡೀ ಚಳಿಗಾಲ ನಾನು ಗುಡ್ಡ ನೋಡಲಿಲ್ಲ, ಅವಳ ಹಿಮ್ಮಡಿ ನೋಡಿದೆ. ಬೇಸಿಗೆಯ ಕೆರೆ ಒಡೆದ ಹಾಗೆ ಒಡೆದಿದ್ದವು. ಒಂದೊಂದು ಸೀಳಿನಲ್ಲಿ ಜೋಳದ ಕಾಳು ಕೂಡಿಸಬಹುದಿತ್ತು. ಅಂಚು ಕಪ್ಪು, ಒಳಗೆ ಕೆಂಪು. ನಮ್ಮ ತವರಲ್ಲಿ ಎಮ್ಮೆಯ ಗೊರಸನ್ನು ಕೂಡ ಅಷ್ಟು ಕೆಟ್ಟು ಹೋಗಲು ಬಿಡುವುದಿಲ್ಲ. ಆ ಹಿಮ್ಮಡಿ ಬಂಡೆಯ ಮೇಲೆ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು, ಹಲ್ಲಿ ಗೋಡೆಗೆ ನಿಂತ ಹಾಗೆ. ನನ್ನ ಬೆಣ್ಣೆ ಮುದ್ದೆಗಳು ಹಿಂದೆ ತಡವರಿಸುತ್ತಿದ್ದವು. ಅವಳ ಮುಖಕ್ಕೆ ನಾನು ಹೊಟ್ಟೆಕಿಚ್ಚು ಪಡಲಿಲ್ಲ, ಗಂಡನಿಗೂ ಪಡಲಿಲ್ಲ. ಅವಳ ಒಡೆದ ಹಿಮ್ಮಡಿಗೆ ಪಟ್ಟೆ. ಹೊಟ್ಟೆಕಿಚ್ಚು ಚೆಂದದ ಮೇಲೇ ಹುಟ್ಟಬೇಕೆಂದೇನೂ ಇಲ್ಲ.

ದಾರಿಯಲ್ಲಿ ತೀರಾ ಕೆಟ್ಟದ್ದು ಹಂಚಿನ ಬಂಡೆ. ರೊಟ್ಟಿ ಸುಡುವ ಹಂಚನ್ನು ಬೋರಲು ಹಾಕಿದ ಹಾಗೆ ಉಬ್ಬಿದ ಹಾಸುಗಲ್ಲು, ಗುಡ್ಡದ ಬೆನ್ನಿಗೆ ಅಡ್ಡಲಾಗಿ ಬಿದ್ದಿದೆ. ಸುತ್ತಿ ಹೋಗಲು ದಾರಿ ಇಲ್ಲ. ಎರಡೂ ಕಡೆಯ ಗಾಳಿ ಅಲ್ಲಿ ಕೂಡುತ್ತದೆ. ಒಂದು ಕಡೆ ಶಹಾಪುರದ ಕೆರೆಯ ಮೇಲೆ ಮಂಜು, ಇನ್ನೊಂದು ಕಡೆ ಬರೀ ಕೆಳಗೆ. ಹಸಿ ಇದ್ದ ದಿನ ನಾವೆಲ್ಲ ಕುಂಡೆ ಊರಿ ಜರುಗುತ್ತಾ ದಾಟುತ್ತಿದ್ದೆವು. ಆ ಚಳಿಗಾಲಕ್ಕೆ ಎಲ್ಲರ ಸೀರೆಯೂ ಒಂದೇ ಕಡೆ ಹರಿದಿತ್ತು. ಸುರಪುರದವಳದು ಹರಿಯಲಿಲ್ಲ. ಅವಳು ಎರಡು ಕೈ ಅಗಲಿಸಿ, ನಿಂತೇ, ಬಾವಿಯಿಂದ ನೀರು ತರುವವಳ ಹಾಗೆ ನಡೆದು ಹೋಗಿ, ಆಚೆ ನಿಂತು ತಿರುಗಿ ನಮ್ಮನ್ನು ನೋಡುತ್ತಿದ್ದಳು. ನಗುತ್ತಿದ್ದಳು ಎಂದು ಬೇರೆ ಹೇಳಬೇಕಿಲ್ಲ.

ಸ್ವಲ್ಪ ದಿನಕ್ಕೇ ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಕೇಳತೊಡಗಿದರು. “ನಾಳಿ ಹೆಂಗ ಬೇ ಗುಡ್ಡ?” ಅವಳು ಸಂಜೆಯ ಗುಡ್ಡದ ಕಡೆ ಒಂದು ಸಲ ನೋಡಿ, “ಗಾಳಿ ನಿಂತೈತಿ, ಇಬ್ಬನಿ ಭಾಳ ಬೀಳತೈತಿ, ಸಾವಕಾಶ ಹೋಗೂಣು” ಎನ್ನುತ್ತಿದ್ದಳು. ಹಾಗೇ ಆಗುತ್ತಿತ್ತು. ಒಂದು ಸಂಜೆ ಅವಳಿಗಿಂತ ಮುಂಚೆ ನಾನೇ ಹೇಳಿದೆ, ಮೋಡ ಕವಿದಿದೆ, ನಾಳೆ ಇಬ್ಬನಿ ಜಾಸ್ತಿ ಎಂದು. ಬೆಳಗ್ಗೆ ಹುಲ್ಲು ಒಣಗಿಯೇ ಇತ್ತು, ಸೂಜಿ ಚುಚ್ಚಿ ಎಲ್ಲರೂ ತೊಡೆ ಕೆರೆದುಕೊಂಡರು. ಮೋಡ ಇದ್ದ ದಿನ ಇಬ್ಬನಿ ಬೀಳುವುದಿಲ್ಲ ಎಂದು ಬೂಬು ಅಲ್ಲೇ ನನಗೆ ಪಾಠ ಹೇಳಿದಳು. ಅವಳಿಗೂ ಅದನ್ನು ಹೇಳಿಕೊಟ್ಟವಳು ಸುರಪುರದವಳೇ.

ಮನೆಯಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ. ಸೀದ ರೊಟ್ಟಿ ಅವಳ ತಾಟಿಗೆ ಹೋಗುತ್ತಿತ್ತು. “ಕರಕಲ ರೊಟ್ಟಿ ಭಾಳ ರುಚಿ ಅಕ್ಕಾ, ನನಗ ಇಂಥಾದ್ದ ಹಾಕು” ಎನ್ನುತ್ತಿದ್ದಳು. ಮರುದಿನ ಸೀಯದ ರೊಟ್ಟಿ ಹಾಕಿದೆ. ಅದನ್ನೂ ಅಷ್ಟೇ ಖುಷಿಯಿಂದ ತಿಂದಳು. ಇಂಥವರ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಗಂಡನಿಗೆ ಹೇಳಿ ನೋಡಿದೆ. ಅವನು ಹೊಲದಿಂದ ಬಂದು ಎತ್ತಿಗೆ ನೀರು ಕುಡಿಸುತ್ತಿದ್ದ.

“ನಿಮ್ಮವ್ವಗ ಹೇಳ್ರಿ. ನಾ ಹಿರೇಸೊಸಿ, ಬಡಿಗಿ ನನಗ ಕೊಡಬೇಕು.”

“ಮುಂದ ನಡದರೇನು, ಹಿಂದ ನಡದರೇನು. ಹುಲ್ಲು ಅದೇ ಅಲ್ಲೇನು?”

“ಹಂಗಾರ ನಾಳಿಂದ ನೀವು ಎತ್ತಿನ ಹಿಂದ ನಡೀರಿ, ನಿಮ್ಮ ತಮ್ಮ ಮುಂದ ನಡದು ಊರಾಗ ಗೌಡಕಿ ಮಾಡ್ಲಿ.”

“ಎತ್ತಿನ ಹಿಂದ ಈಗೂ ನಾನ ಅದೇನಿ” ಎಂದು ಅವನು ಕೊಡ ಎತ್ತಿಕೊಂಡು ಹೋದ. ಅವನಿಂದ ಏನೂ ಆಗುವ ಹಾಗಿರಲಿಲ್ಲ.

ಸಂಕ್ರಾಂತಿ ಮುಗಿದಿತ್ತು. ಒಂದು ಸಂಜೆ ಸುರಪುರದವಳು ಕಂಬಳಿ, ತಂಬಿಗೆ ತೆಗೆದುಕೊಂಡು ದನದ ಕೊಟ್ಟಿಗೆಯ ಮೂಲೆಗೆ ಹೋದಳು. ಹೊರಗಾಗಿದ್ದಳು. ಗುಡ್ಡದವ್ವನ ಕಲ್ಲು ದಾಟುವಂತಿಲ್ಲ. ಹಿಂದಿನ ತಿಂಗಳುಗಳಲ್ಲಿ ಹೀಗಾದಾಗ ಕೆಳಗೆ ಅಲ್ಲಲ್ಲಿ ಉಳಿದ ಕುರುಚಲು ಹುಲ್ಲಿನಲ್ಲೇ ದಿನ ಕಳೆದಿದ್ದೆವು. ಈಗ ಅದೂ ಮುಗಿದಿತ್ತು.

“ನಾಳಿ ಯಾರೂ ಮ್ಯಾಲ ಹೋಗಬ್ಯಾಡ್ರಿ” ಎಂದಳು ಅತ್ತೆ.

“ನಾ ದಾರಿ ಹೇಳತೀನಿ” ಎಂದೆ.

ಅತ್ತೆ ನನ್ನ ಕಾಲು ನೋಡಿದಳು. ಮೂಲೆಯಲ್ಲಿದ್ದ ಬಡಿಗೆಯನ್ನು ನಾನೇ ತಂದು ನನ್ನ ಹಾಸಿಗೆಯ ಪಕ್ಕ ಇಟ್ಟುಕೊಂಡೆ.

ನಾಳೆ ನನ್ನ ಹಿಂದೆ ಇಡೀ ಓಣಿ ಬರುತ್ತದೆ. ನಾಳೆ ಎಲ್ಲರ ಮುಖಕ್ಕೆ ಸಮ ನನ್ನ ಹಿಮ್ಮಡಿ ಇರುತ್ತದೆ. ನೋಡಲಿ ಎನಿಸಿತು. ಒಡಕು ಹಿಮ್ಮಡಿ ನೋಡಿ ನೋಡಿ ಸಾಕಾಗಿರುವವರು, ಒಂದು ದಿನ ಹೆಂಗಸಿನ ಕಾಲು ನೋಡಲಿ. ಕುಡಿಕೆ ತೆಗೆದು, ಒಲೆಯ ಬಳಿ ಬೆಚ್ಚಗೆ ಮಾಡಿ, ಎಣ್ಣೆಯನ್ನೂ ಮೇಣವನ್ನೂ ಹಿಮ್ಮಡಿಗೆ, ಅಂಗಾಲಿಗೆ, ಬೆರಳ ಸಂದಿಗೆ ದಪ್ಪಗೆ ತಿಕ್ಕಿದೆ. ಹಳೆ ಬಟ್ಟೆ ಸುತ್ತಿ ಮಲಗಿದೆ. ಬೆಳಗ್ಗೆ ಬಿಚ್ಚಿದರೆ ಹೊಳೆಯುತ್ತಿದ್ದವು. ನಮ್ಮ ತವರಲ್ಲಾಗಿದ್ದರೆ ಇದನ್ನು ತಪ್ಪು ಎನ್ನುವವರು ಯಾರೂ ಇಲ್ಲ.

ಗುಡ್ಡದವ್ವನ ಕಲ್ಲಿಗೆ ಕೈ ಮುಗಿದು ಚಪ್ಪಲಿ ಬಿಟ್ಟೆ. ಜವಾನ ಕಂಬಳಿಯಿಂದ ಮುಖ ಹೊರಗೆ ಹಾಕಿ, “ಇವತ್ತ ಎಷ್ಟ ಮಂದಿ?” ಎಂದು ನನ್ನನ್ನು ಕೇಳಿದ. ಹೇಳಿದೆ. ಅದಕ್ಕಾಗಿ ನಾನು ಎಷ್ಟು ದಿನ ಕಾದಿದ್ದೆ ಎಂದು ಅವನಿಗೇನು ಗೊತ್ತು.

ಬೂಬು ನನ್ನ ಹಿಂದೆ ಎರಡನೆಯವಳು. ಏರು ಶುರುವಾದೊಡನೆ ಅವಳ ಬಾಯಿಯೂ ಶುರುವಾಯಿತು.

“ಅರೇ ಮಾ, ಹಿಮ್ಮಡಿ ಹೆಂಗ ಮಿಂಚಾಕತ್ತಾವ. ಹುಲ್ಲಿಗೆ ಹೊಂಟೀಯೋ, ಯಾರದರ ಮದಿವಿಗೆ ಹೊಂಟೀಯೋ?”

“ಮುಂದ ನೋಡಿ ನಡಿ ಬೂಬು.”

“ಮುಂದ ನಿನ್ನ ಹಿಮ್ಮಡಿನೇ ಐತಿ, ಅದನ್ನ ನೋಡಾಕತ್ತೇನಿ.”

ಸಿಟ್ಟು ಬರಲಿಲ್ಲ. ಖುಷಿಯಾಯಿತು. “ಗರಸು ಐತಿ, ಅಡ್ಡ ಕಾಲಿಡ್ರಿ” ಎಂದು ಕೂಗಿದೆ. ಮಾತು ಹಿಂದೆ ಹಿಂದೆ ಹೋಗಿ, ಬುಡದ ಕಡೆಯಿಂದ “ಬಂತು” ಎಂದು ತಿರುಗಿ ಬಂದಿತು. ನನ್ನ ಮಾತು ಅಷ್ಟು ದೂರ ಹೋಗಿ ಬಂದದ್ದು ಅದೇ ಮೊದಲು. “ಕಲ್ಲು ಅಳ್ಳಾಡತೈತಿ, ಎಡಕ್ಕ ಬರ್ರಿ.” “ಬಂತು.” ಗರಸಿನಲ್ಲಿ ಕಾಲಿಗೆ ಧೂಳು ಹತ್ತಿ ಹಿಡಿತ ಚಲೋ ಇತ್ತು. ಇದೇನು ಮಹಾ, ಇಷ್ಟಕ್ಕೇ ಸುರಪುರದಿಂದ ಒಬ್ಬಳನ್ನು ತರಬೇಕಿತ್ತೇ ಎಂದುಕೊಂಡೆ.

ಹಂಚಿನ ಬಂಡೆಗೆ ಮುಂಚೆ ಗಾಳಿ ತಾಗದ ತಗ್ಗಿನಲ್ಲಿ ಹುಲ್ಲಿನ ಒಂದು ಪಟ್ಟಿ ಇದೆ, ಮೊಣಕಾಲೆತ್ತರ. ಬಡಿಗೆಯಿಂದ ಬಡಿಯುತ್ತ ದಾಟಿದೆ. ಇಬ್ಬನಿಗೆ ಕಾಲು ತೊಯ್ದು ಧೂಳೆಲ್ಲ ತೊಳೆದು ಹೋಯಿತು. ಎಣ್ಣೆ ಹೋಗಲಿಲ್ಲ. ಎಣ್ಣೆ ನೀರಿಗೆ ಹೋಗುತ್ತದೆಯೇ.

ಬಂಡೆಯ ಅಂಚಿಗೆ ನಿಂತು ನೋಡಿದೆ. ರಾತ್ರಿಯೆಲ್ಲ ಅದರ ಮೇಲೆ ಗಾಳಿ ಬೀಸಿತ್ತು. ಪಾಚಿ ಕಪ್ಪಗೆ, ಒಣಗಿ, ಸಿಪ್ಪೆ ಎದ್ದಿತ್ತು. ಬಗ್ಗಿ ಅಂಗೈ ಒತ್ತಿದೆ. ತಣ್ಣಗಿತ್ತು, ಹಸಿ ಇರಲಿಲ್ಲ. ಬಡಿಗೆಯ ತುದಿಯಿಂದ ಕೆರೆದೆ, ಪುಡಿ ಉದುರಿತು. ಕಣ್ಣಿಗೆ ಕಂಡದ್ದನ್ನು ಕೈಯೂ ಒಪ್ಪಿತು.

“ಹಾಸಗಲ್ಲು ಒಣಗೈತಿ” ಎಂದು ಕೂಗಿದೆ. “ನಿಂತು ಬರ್ರಿ.”

“ಖರೇನ?” ಎಂದಳು ಬೂಬು.

“ಖರೇ. ಹಿಂದ ಹೇಳು.”

ಹಿಂದಿನಿಂದ “ಬಂತು” ಕೇಳಿದ ಮೇಲೆ ಎರಡು ಕೈ ಅಗಲಿಸಿ, ಸುರಪುರದವಳ ಹಾಗೆ, ನಿಂತು ನಡೆದೆ. ಉಬ್ಬಿನ ನೆತ್ತಿಯ ತನಕ ಹೋದೆ. ಅಲ್ಲಿ ಅವಳು ತಿರುಗಿ ನೋಡುವ ಹಾಗೆ ತಿರುಗಿ ನೋಡಬೇಕೆನಿಸಿತು. ಹಿಮ್ಮಡಿಯ ಮೇಲೆ ಭಾರ ಹಾಕಿ ತಿರುಗಿದೆ. ಬಂಡೆ ಒಣಗಿತ್ತು, ನಾನು ಹೇಳಿದ್ದು ಸರಿಯೇ ಇತ್ತು. ಒಣಗಿರದಿದ್ದದ್ದು ನನ್ನ ಕಾಲು. ಹಂಚಿಗೆ ಎಣ್ಣೆ ಸವರಿ ಬಿಟ್ಟ ಹಿಟ್ಟಿನ ಹಾಗೆ ಜಾರಿ ಹೋದೆ.

ಬಡಿಗೆ ಒಂದು ಕಡೆ, ನಾನು ಒಂದು ಕಡೆ. ಬಂಡೆಯ ಪಕ್ಕದಲ್ಲಿ ಕೆಳಗೆ ಒಂದು ಕಾರೆಗಿಡ ಬಂಡೆಯ ಸೀಳಿನಲ್ಲಿ ಬೇರು ಬಿಟ್ಟಿತ್ತು. ಅದರ ಮುಳ್ಳು ನನ್ನನ್ನು ಹಿಡಿದುಕೊಂಡವು. ಗಿಡದ ಬುಡದಲ್ಲಿ ಕೂರುವಷ್ಟು ಜಾಗ ಇತ್ತು, ನಿಲ್ಲುವಷ್ಟು ಇರಲಿಲ್ಲ. ಬಲಗಾಲ ಕೀಲು ಉಳುಕಿ ಉರಿಯುತ್ತಿತ್ತು. ಮೇಲಿನವರಿಗೆ ಬಂಡೆಯ ಉಬ್ಬಿನಿಂದ ನಾನು ಕಾಣುತ್ತಿರಲಿಲ್ಲ. ಹೊರೆ ಕಟ್ಟುವ ಹಗ್ಗ ಬಿಟ್ಟರು, ಮುಟ್ಟಲಿಲ್ಲ. ಎಲ್ಲರೂ ಕೂಡಿ ಕೂಗತೊಡಗಿದರು. ನಾನು ಕೂಗಲಿಲ್ಲ.

ನಮ್ಮ ಕೊಟ್ಟಿಗೆ ಗುಡ್ಡದ ಆ ಮಗ್ಗುಲಿಗೇ ಇತ್ತು. ಕೂಗು ಅಲ್ಲಿಗೆ ಕೇಳಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನ ಆಡಿನ ಜಾಡಿನಲ್ಲಿ ಗಿಡ್ಡನೆಯ ಆಕಾರ ಹತ್ತಿ ಬರುವುದು ಕಂಡಿತು. ಆ ಜಾಡು ಗುಡ್ಡದವ್ವನ ಕಲ್ಲನ್ನು ದಾಟುವುದಿಲ್ಲ, ಅದಕ್ಕೇ ಆ ಕಡೆಯಿಂದ ಬಂದಿದ್ದಳು. ಜಗತ್ತಿನಲ್ಲಿ ಇನ್ನು ಯಾರು ಬಂದಿದ್ದರೂ ನನಗೆ ನಡೆಯುತ್ತಿತ್ತು.

ನನ್ನ ಕೆಳಗೆ, ಎರಡು ಆಳಿನಷ್ಟು ಅಂತರದಲ್ಲಿ ನಿಂತಳು.

“ಅಕ್ಕಾ, ಅಳ್ಳಾಡಬ್ಯಾಡ. ನಾ ಮುಟ್ಟಂಗಿಲ್ಲ, ಹೊರಗದೇನಿ. ಹೇಳತೀನಿ, ಹೇಳಿದಂಗ ಇಳಿ.” ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. “ಕಾಲಿಗೆ ಏನ ಹಚ್ಚೀದಿ? ಇಲ್ಲಿತನಕ ಮಿಂಚಾಕತ್ತಾವ.”

“ಎಣ್ಣಿ.”

“ಯಾವ ಎಣ್ಣಿ?”

“ಕುಸುಬಿದು. ಮೇಣ ಹಾಕಿದ್ದು.”

“ಒಗ್ಗರಣಿ ಹಾಕೂದೊಂದ ಉಳದಿತ್ತು” ಎಂದು ನಕ್ಕಳು. ಬಂಡೆಗೆ ಅಂಟಿ ಕೂತ ಹೆಂಗಸನ್ನು ನೋಡಿ ನಗುವವಳು ಈ ಸೀಮೆಯಲ್ಲಿ ಅವಳೊಬ್ಬಳೇ. “ಸೆರಗಿಲೆ ಒರಸ್ಕೊ. ಗಿಡದ ಬುಡದಾಗ ಮಣ್ಣೈತಿ ನೋಡು, ತಗದು ತಿಕ್ಕು. ಇನ್ನಾ ತಿಕ್ಕು. ಬೆರಳ ಸಂದ್ಯಾಗೂ ತಿಕ್ಕು. ಈಗ ಮಾರಿ ಕಲ್ಲಿನ ಕಡಿ ಮಾಡು, ಹೊಟ್ಟಿ ಕಲ್ಲಿಗೆ ಹಚ್ಚು. ಕೆಳಗ ನೋಡಬ್ಯಾಡ, ನೋಡಾಕ ನಾ ಅದೇನಿ. ಎಡಗಾಲು ಬಿಡು. ಅಲ್ಲೊಂದು ಸೀಳೈತಿ, ಬೆರಳು ಒಳಗ ತುರಕು. ಸಿಕ್ಕತೇನು?”

“ಸಿಕ್ತು.”

“ಹಂಗಂದರ ನನಗ ತಿಳಿಯಂಗಿಲ್ಲ. ಬಂತು ಅನ್ನು.”

ಅದು ಸಾಲಿನ ಕಡೆಯವಳು ಹೇಳುವ ಮಾತು. ನಾನು ಬೆರಳನ್ನು ಸೀಳಿನಲ್ಲಿ ಇನ್ನಷ್ಟು ತುರುಕಿದೆ.

“ಬಂತು” ಎಂದೆ.

“ಹಾಂ. ಬಲಗೈ ಬೇರಿಗೆ ಹಿಡಿ. ಮುಳ್ಳು ಚುಚ್ಚತೈತಿ, ಚುಚ್ಚಲಿ. ಬಲಗಾಲು ಕೆಳಗ.”

“ಅದು ಉಳಕೈತಿ.”

“ಹಂಗಾರ ಮೊಣಕಾಲು ಊರು. ಊರಿದೇನು?”

“ಬಂತು.”

ಹೀಗೆ ಒಂದೊಂದಕ್ಕೂ ಬಂತು, ಬಂತು ಎನ್ನುತ್ತ ಅವಳ ಮಾತಿನ ಮೇಲೆ ಕಾಲಿಟ್ಟು ಇಳಿದೆ. ಅವಳು ಹೇಳಿದಲ್ಲಿ ಸೀಳಿತ್ತು, ಹೇಳಿದಲ್ಲಿ ಕಲ್ಲಿನ ಮೊನೆ ಇತ್ತು. ಒಂದಾದರೂ ತಪ್ಪಲಿ ಎಂದು ಕಾದೆ, ಬೀಳುವವಳು ನಾನೇ ಆಗಿದ್ದರೂ. ಒಂದೂ ತಪ್ಪಲಿಲ್ಲ. ಕೊನೆಗೆ ಹಿಡಿಯಲು ಏನೂ ಇರಲಿಲ್ಲ. ನನ್ನ ಎಡಗಾಲು ಗಾಳಿಯಲ್ಲಿ ಹುಡುಕುತ್ತಿತ್ತು. ಆಗ ಕೆಳಗಿನಿಂದ ಒಂದು ಕೈ ಬಂದು ನನ್ನ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದು ಒಂದು ಕಲ್ಲಿನ ಮೇಲೆ ಇಟ್ಟಿತು.

“ಮುಟ್ಟಿಬಿಟ್ಟೆ” ಎಂದಳು. “ಅತ್ತಿ ನಿನಗ ತಣ್ಣೀರ ಹಾಕತಾಳ ಇವತ್ತ.” ಆಮೇಲೆ ತನ್ನ ಅಂಗೈ ಮೂಗಿಗೆ ಹಿಡಿದು ನೋಡಿದಳು. “ವಾಸನಿ ಚಲೋ ಐತಿ.”

ಮನೆಯ ತನಕ ಅವಳು ಮುಂದೆ, ನಾನು ಕುಂಟುತ್ತ ಹಿಂದೆ. ಬಿದ್ದ ಬಡಿಗೆಯನ್ನು ದಾರಿಯಲ್ಲಿ ಪೊದೆಯಿಂದ ಎಳೆದುಕೊಂಡಳು. ಮತ್ತೆ ಅದೇ ಒಡೆದ ಹಿಮ್ಮಡಿ ನನ್ನ ಕಣ್ಣ ಮುಂದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು.

“ಬಡಿಗಿ ಎಲ್ಲಿ?” ಇದು ಅವಳ ಮೊದಲ ಮಾತು. ಬಡಿಗೆ ನೋಡಿದ ಮೇಲೆ ನನ್ನ ಕಾಲು ನೋಡಿದಳು. “ಮುಟ್ಟಿದಳೇನು?”

“ಮುಟ್ಟಿದಳು.”

ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಾವಿಯ ನೀರನ್ನು ಕೊಡಗಟ್ಟಲೆ ನನ್ನ ತಲೆಯ ಮೇಲೆ ಸುರಿದಳು. ಪುಷ್ಯದ ಗಾಳಿ, ತಣ್ಣೀರು, ಉಳುಕಿದ ಕಾಲು. ಬಡಿಗೆಗೂ ನಾಲ್ಕು ಹನಿ ಚಿಮುಕಿಸಿ ಬಾಗಿಲ ಹಿಂದೆ ಇಟ್ಟಳು. ಆಮೇಲೆ ಉಳುಕಿಗೆ ಹುಣಸೆಹಣ್ಣು, ಉಪ್ಪು ಬಿಸಿಮಾಡಿ ಪಟ್ಟು ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

ಓಣಿಯ ಹೆಂಗಸರು ಖಾಲಿ ಹಗ್ಗ ಹಿಡಿದು ಬಾಗಿಲಿಗೆ ಬಂದರು. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಬೂಬು ಹೇಳಿದಳು, “ಆಕಿ ಹೇಳಿದ್ದು ಖರೇ ಇತ್ತು ಮಾ. ನಾ ಮುಟ್ಟಿ ನೋಡೇನಿ. ಕಲ್ಲು ಒಣಗಿತ್ತು.”

ಅತ್ತೆ ಕೇಳಿಸಿಕೊಂಡಳು. “ಕಲ್ಲು ಒಣಗಿದ್ದರೇನು” ಎಂದಳು. “ಸಣ್ಣಾಕಿ ಒಳಗ ಬರೂತನಕ ಯಾರೂ ಹತ್ತೂದಿಲ್ಲ. ದನಕ್ಕ ಕಣಕಿ ಹಾಕ್ರಿ.”

ಇಡೀ ಓಣಿಯ ದನ ಜೋಳದ ಒಣ ದಂಟು ತಿನ್ನಬೇಕು, ಅವಳೊಬ್ಬಳಿಗಾಗಿ. ತಣ್ಣೀರಿಗಿಂತ ಅದು ಹೆಚ್ಚು ಕೊರೆಯಿತು. ಬಂಡೆ ಒಣಗಿತ್ತು, ನನ್ನ ಕಣ್ಣು ಸರಿ, ಕೈ ಸರಿ, ಮಾತು ಸರಿ. ಬೂಬು ಕೂಡ ಹೇಳಿದಳು. ಎಲ್ಲವೂ ಸರಿ ಇದ್ದು ಹಿಮ್ಮಡಿ ಒಂದಕ್ಕೆ ಬಡಿಗೆ ಕೈ ತಪ್ಪಿತ್ತು. ದಾರಿ ಹೇಳುವುದು ನನಗೆ ಬರುತ್ತದೆ ಎಂದು ಆ ದಿನವೇ ನನಗೆ ತಿಳಿದದ್ದು, ಬಿದ್ದ ದಿನವೇ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಎಣ್ಣೆಯ ಕುಡಿಕೆ ತೆಗೆದುಕೊಂಡು ಗೋಡೆ ಹಿಡಿದು ಅಂಗಳಕ್ಕೆ ಬಂದು, ತಾಯಿ ಕೊಟ್ಟದ್ದರಲ್ಲಿ ಉಳಿದದ್ದನ್ನೆಲ್ಲ ಗಾಡಿಯ ಅಚ್ಚಿಗೆ ಸುರಿದೆ. ಆಮೇಲೆ ದನದ ಗೋದಲಿಯ ಪಕ್ಕದ ಹಾಸುಗಲ್ಲಿನ ಮೇಲೆ ಕೂತೆ. ಇಬ್ಬನಿ ಬಿದ್ದು ಕಲ್ಲು ಕೊರೆಯುತ್ತಿತ್ತು. ಉಳುಕದ ಕಾಲಿನ ಹಿಮ್ಮಡಿಯನ್ನು ಕಲ್ಲಿಗೆ ಒತ್ತಿ ತಿಕ್ಕತೊಡಗಿದೆ.

ಕೊಟ್ಟಿಗೆಯ ಮೂಲೆಯಲ್ಲಿ ಕಂಬಳಿ ಅಳ್ಳಾಡಿತು. ಸುರಪುರದವಳು ಮುಖ ಹೊರಗೆ ಹಾಕಿ ಬಹಳ ಹೊತ್ತು ನೋಡಿದಳು.

“ಅಕ್ಕಾ, ಅದು ಒಂದ ದಿನಕ್ಕ ಒಡಿಯೂದಲ್ಲ.”

“ನನಗ ಗೊತ್ತೈತಿ, ಮಕ್ಕೊ” ಎಂದು ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಕಲ್ಲಿನ ಮೇಲೆ ಇಟ್ಟುಕೊಂಡೆ.